ತಣ್ಣಗಾಗದ ಪೆಟ್ಟಿಗೆ

ಮೋಟಾರು ನಿಲ್ಲುತ್ತಿಲ್ಲ — ಒಂದಿಷ್ಟು ಹೊತ್ತು ಗುಂಯ್ ಎಂದು ಓಡಬೇಕು, ತಂಪಾದ ಮೇಲೆ ಟಕ್ ಎಂದು ಬಾಯಿ ಮುಚ್ಚಬೇಕು, ಅದು ಫ್ರಿಜ್ಜಿನ ರೀತಿ, ನನ್ನ ಔಷಧದಂಗಡಿಯ ಇದು ಬೆಳಗಿನಿಂದ ಒಂದೇ ಸಮ ಓಡುತ್ತಿದೆ, ನಿನ್ನೆಯೂ ಹೀಗೇ ಇತ್ತೇ, ಮೊನ್ನೆಯೂ, ಸಿಂದಗಿಯ ಬಿಸಿಲು, ಯಂತ್ರಕ್ಕೂ ದಣಿವು ಎಂದುಕೊಂಡೆನಲ್ಲ, ಬಾಗಿಲು ತೆಗೆದು ಕೈ ಚಾಚುತ್ತೇನೆ, ಮೇಲಿನ ಮೂಲೆಯಲ್ಲಿ ಬೆರಳಗಲ ಮಂಜು, ಔಷಧದ ಸೀಸೆಗಳಿರುವ ಕೆಳಗಿನ ಅರೆಯಲ್ಲಿ ಉಗುರುಬೆಚ್ಚನೆಯ ಗಾಳಿ, ಹಿಂದಿನ ಕೊಳವೆ ಬಿಸಿ ಇರಬೇಕಿತ್ತು, ಅದೂ ಇಲ್ಲ — ಮೆಕ್ಯಾನಿಕ್ ಬಾಬುಲಾಲ ಬಂದ, ಕೊಳವೆಗೆ ಸಾಬೂನಿನ ನೊರೆ ಹಚ್ಚಿದ, ಬೆಸುಗೆಯ ಹತ್ತಿರ ಒಂದು ಗುಳ್ಳೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು, ಗ್ಯಾಸ್ ಸೋರಾಕತ್ತೈತ್ರಿ ರಜಾಕಭಾಯಿ, ಇವತ್ತಿಂದಲ್ರಿ ಇದು, ಭಾಳ ದಿನದ್ದು, ಸೊಲ್ಲಾಪುರದಿಂದ ಗ್ಯಾಸ್ ಬರೂತನಕ ನಾ ಏನೂ ಮಾಡಾಕ ಆಗೂದಿಲ್ಲ, ಚೀಲ ಹೆಗಲಿಗೇರಿಸಿ ಹೋದ, ಭಾಳ ದಿನ ಅಂದರೆ ಯಾವ ದಿನದಿಂದ, ಆ ದಿನಗಳಲ್ಲಿ ನಾನು ಯಾರ ಯಾರ ಕೈಗೆ ಏನೇನು ಕೊಟ್ಟೆ, ಕನ್ನೊಳ್ಳಿಯ ಕಸ್ತೂರೆವ್ವ, ಅವಳ ಮಗಳು ಶಂಕ್ರೆವ್ವನ ಸಕ್ಕರೆ ಬೇನೆಗೆ ಇನ್ಸುಲಿನ್, ಯಾ ಅಲ್ಲಾ, ಆ ಹುಡುಗಿಗೆ ದಿನಾ ಚುಚ್ಚಬೇಕು, ಚುಚ್ಚಿದರಷ್ಟೇ ಬದುಕು.

ನೆನೆಯುತ್ತಿದ್ದಂತೆಯೇ ಬಂದಳೇ, ಹೌದು, ಕಸ್ತೂರೆವ್ವನೇ, ಮಗಳನ್ನು ಅರ್ಧ ಎತ್ತಿಕೊಂಡು, ಅರ್ಧ ಎಳೆದುಕೊಂಡು, ಸಾಬ್ರ, ಒಂದ ದಿನಾನೂ ತಪ್ಪಿಸಿಲ್ರಿ, ನೀವು ಕೊಟ್ಟದ್ದನ್ನ ಚುಚ್ಚೇನಿ, ಆದ್ರೂ ಕೂಸು ಸೊರಗಾಕತ್ತೈತಿ, ನೀರ ಕುಡಿತೈತಿ, ಒಂದಕ್ಕ ಹೊರಗ ಓಡತೈತಿ, ಮತ್ತ ನೀರ — ಸೆರಗಿನಿಂದ ಸೀಸೆ ಬಿಚ್ಚಿ ಕೊಟ್ಟಳು, ಬೆಳಕಿಗೆ ಹಿಡಿದೆ, ತಿಳಿಯಾಗಿರಬೇಕಾದ ಔಷಧದಲ್ಲಿ ಬಿಳಿಯ ಎಳೆಗಳು ತೇಲುತ್ತಿವೆ, ಒಡೆದ ಹಾಲಿನ ಹಾಗೆ, ಹುಡುಗಿಯ ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಸಕ್ಕರೆ ಮಿತಿಮೀರಿದ್ದರ ಗುರುತು, ಇದು ಕೆಟ್ಟೈತಿ ತಂಗಿ, ನನ್ನ ಫ್ರಿಜ್ಜಿನ್ಯಾಗ ಕೆಟ್ಟೈತಿ, ಅಂದೆ, ಬಯ್ಯಬೇಕಿತ್ತು ಅವಳು, ಬಯ್ಯಲಿಲ್ಲ, ಹಂಗಾರ ಬ್ಯಾರೆದ್ದು ಕೊಡ್ರಿ ಸಾಬ್ರ, ಅಂದಳು, ಬೇರೆಯದು ಎಲ್ಲಿಂದ ಕೊಡಲಿ, ಎಲ್ಲ ಅದೇ ಅರೆಯವು, ಒಂದೊಂದೇ ಸೀಸೆ ಎತ್ತಿ ಬೆಳಕಿಗೆ ಹಿಡಿಯುತ್ತೇನೆ, ಎಳೆ, ಎಳೆ, ಒಂದು ತಿಳಿಯಾಗಿದೆ, ತಿಳಿಯಾಗಿದ್ದರೆ ಬದುಕಿದೆ ಎಂದು ಯಾರು ಹೇಳಬೇಕು, ಇಲ್ಲಿನ ಡಾಕ್ಟರು ಇಂಡಿ ಊರಿಗೆ ಮದುವೆಗೆ ಹೋಗಿದ್ದಾರೆ, ಕೊಡಲೇ, ಬೇಡವೇ, ಕೊಡಲಿಲ್ಲ, ನಡೀರಿ, ವಿಜಾಪುರದ ದೊಡ್ಡ ದವಾಖಾನಿಗೆ ನಡೀರಿ, ಬಸ್ ಇನ್ನಾ ನಿಂತೈತಿ.

ಅಂಗಡಿ ತೆರೆದೇ ಬಿಟ್ಟು ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ, ಅಷ್ಟು ಹಗುರ, ಕೈಯಲ್ಲಿ ನನ್ನ ಅಂಗಡಿಯ ಲೋಟ ಬಿಗಿಯಾಗಿ ಹಿಡಿದಿದ್ದಳು, ಹೊರಡುವಾಗ ತುಂಬಿ ಕೊಟ್ಟ ನೀರು ದಾರಿಯಲ್ಲೇ ಮುಗಿದಿತ್ತು, ನಾನೂ ಬರ್ತೇನಿ ಅಂದೆ, ಬ್ಯಾಡ್ರಿ, ಅದ ಔಷಧ ಒಯ್ಯಾಕ ಮತ್ಯಾರರ ಬಂದಾರು, ಅವರಿಗೆ ಹೇಳವರು ಬೇಕಲ್ಲ, ಅಂದಳು ಕಸ್ತೂರೆವ್ವ, ಹೌದು, ಹೇಳುವವರು ಬೇಕು, ಬಸ್ಸು ಹೊರಟಿತು, ಧೂಳು, ಕಿಟಕಿಯ ಸರಳಿನ ನಡುವೆ ಸಣ್ಣ ಕೈ, ಕೈಯಲ್ಲಿ ಲೋಟ, ನನ್ನತ್ತಲೇ ಚಾಚಿದೆ, ನೀರ, ಕಾಕಾ, ನೀರ — ಕೇಳಿಸಿತೋ ಇಲ್ಲವೋ, ಬಸ್ಸು ತಿರುವಿಗೆ ಬಂತು, ಲೋಟ, ಬರಿದಾದ ಲೋಟ, ಕಿಟಕಿಯಾಚೆ ಚಾಚಿದ ಲೋಟ