ನಾಲ್ಕನೆಯ ಇಂಜೆಕ್ಟರ್

ಆಸ್ವಾಲ್ಡ್ ಫೋನ್ ಮಾಡಿ, "ಕಾರು ನೋಡ್ಲಿಕ್ಕೆ ಒಮ್ಮೆ ಬಾ ಮಾರಾಯ" ಎಂದಾಗ ನನಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷ ಆ ಕಾರಿನ ಸುದ್ದಿಯೇ ಎತ್ತದವನು ಈಗ ಎತ್ತಿದ್ದಾನೆಂದರೆ ಕಾರಣ ಇದ್ದೇ ಇರಬೇಕು. ಇತ್ತು. ವಿಲಾಯತಿಯ ಈ ಕ್ವೀನ್ಸ್‌ಬರಿಯಲ್ಲಿ ಅವನ ಫ್ಲ್ಯಾಟಿನ ಹಿಂದಿರುವ ಗ್ಯಾರೇಜುಗಳ ಸಾಲನ್ನು ಕೌನ್ಸಿಲ್‌ನವರು ಏಪ್ರಿಲ್‌ನಲ್ಲಿ ಕೆಡವುತ್ತಾರಂತೆ. ಶನಿವಾರ ಗುಜರಿಯವನು ಬಂದು ಕಾರು ಒಯ್ಯುತ್ತಾನೆ. ಅಷ್ಟರೊಳಗೆ ಇವನಿಗೆ ಒಂದು ವಿಷಯ ಗೊತ್ತಾಗಬೇಕು.

"ಅವತ್ತು ಕಾರು ನಿಂತದ್ದು ಎಂತದಕ್ಕೆ ಉದಯ? ಕಾರು ಕೈಕೊಟ್ಟದ್ದಾ, ಅಲ್ಲ ನನ್ನ ಕಾಲು ನಡುಗಿ ನಾನೇ ನಿಲ್ಲಿಸಿದ್ದಾ? ಅಷ್ಟು ಹೇಳಿದ್ರೆ ಸಾಕು ನಂಗೆ."

ಅವತ್ತು ಎಂದರೆ 1992ರ ಜನವರಿ. ಬೆಳಿಗ್ಗೆ ಅವನ ಹೆಂಡತಿ ಕ್ಯಾಥರಿನ್‌ಗೆ ಎದೆನೋವು ಬಂತು. ಆಂಬುಲೆನ್ಸಿಗೆ ಕಾಯುವುದೇಕೆ ಎಂದು ಇವನು ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಾನೇ ಹೊರಟ. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ ಇಂಜಿನ್ ಬಂದ್. ಎರಡು ಸಲ ಹಾಗೂ ಹೀಗೂ ಸ್ಟಾರ್ಟ್ ಆಯಿತು, ಮೂರನೆಯ ಸಲ ಆಗಲಿಲ್ಲ. ಕೊನೆಗೆ ಯಾರದೋ ಗಾಡಿಯಲ್ಲಿ ಆಸ್ಪತ್ರೆ ಮುಟ್ಟುವಾಗ ಕ್ಯಾಥರಿನ್‌ಳ ಜೀವ ಹೋಗಿತ್ತು. ಮಗಳು ವೆನಿಶಾಗೆ ಆಗ ಹದಿನಾರು. ಆಂಬುಲೆನ್ಸ್ ಯಾಕೆ ಕರೆಯಲಿಲ್ಲ ಎಂದು ಅಪ್ಪನನ್ನು ಇಂಗ್ಲಿಷಿನಲ್ಲಿ ಒಂದೇ ಒಂದು ಸಲ ಕೇಳಿದಳಂತೆ. ಆಮೇಲೆ ಆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಅದಕ್ಕೆ ಹದಿನೈದು ದಿನ ಮುಂಚೆ ಆ ಕಾರನ್ನು ಟ್ಯೂನ್ ಮಾಡಿದ್ದವನು ನಾನು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಕಲಿತು, ಇಲ್ಲಿಗೆ ಬಂದು ಕಿಂಗ್ಸ್‌ಬರಿಯಲ್ಲಿ ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವನು. ನನ್ನ ಕೈಯಿಂದ ಹೋದ ಗಾಡಿ ದಾರಿಯಲ್ಲಿ ನಿಂತದ್ದು ಅದೊಂದೇ. ಆಸ್ವಾಲ್ಡ್ ಒಂದು ದಿನವೂ ನನ್ನನ್ನು ದೂರಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಯ ಡಬ್ಬಿ ತಂದುಕೊಡುತ್ತಿದ್ದ. ಅದು ಕಂಡರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಬಾಯಿಬಿಟ್ಟು ಬೈದಿದ್ದರೆ ನಾನೂ ತಿರುಗಿ ಎರಡು ಮಾತು ಅನ್ನಬಹುದಿತ್ತು. ಒಳಗೊಳಗೇ ನನ್ನ ಮೇಲೆ ಹಲ್ಲು ಕಡಿಯುತ್ತಿದ್ದಾನೆ ಎಂದು ನಾನೇ ಅಂದುಕೊಂಡು ನಾನೇ ಬೇಯುತ್ತಿದ್ದೆ.

ಸರಿ, ನೋಡಿಯೇ ಬಿಡೋಣ ಎಂದು ಟೂಲ್‌ಬಾಕ್ಸ್ ಎತ್ತಿಕೊಂಡು ಹೋದೆ. ನನ್ನ ಕೆಲಸ ಸರಿಯಿತ್ತೆಂದು ತೋರಿಸಬೇಕಿತ್ತು. ಹಾಗೆ ತೋರಿಸಿದರೆ ತಪ್ಪು ಅವನ ಕಾಲಿನ ಮೇಲೆ ಬೀಳುತ್ತದೆ ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು.

ಎಪ್ಪತ್ಮೂರರ ಜರ್ಮನ್ ಕಾರು. ಆ ಕಾಲಕ್ಕೇ ಕಾರ್ಬ್ಯುರೇಟರ್ ಇಲ್ಲ, ಸೂಜಿಬಾಯಿಯ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್. ಟೈರುಗಳು ನೆಲಕ್ಕೆ ಕೂತಿದ್ದವು. ಟ್ಯಾಂಕಿನಲ್ಲಿ ಉಳಿದಿದ್ದ ಚೂರು ಪೆಟ್ರೋಲ್ ಕೊಳೆತು ವಾರ್ನಿಷ್ ಆಗಿತ್ತು. ಅದನ್ನು ಬಸಿದು, ಹೊಸ ಬ್ಯಾಟರಿ ಕಟ್ಟಿ, ಕ್ಯಾನಿನಿಂದಲೇ ನೇರವಾಗಿ ಪೆಟ್ರೋಲ್ ಕೊಟ್ಟೆ. ಕೆಮ್ಮಿ ಕೆಮ್ಮಿ ಇಂಜಿನ್ ಎದ್ದಿತು. ಕಾಲು ತೆಗೆದರೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಆಮೇಲೆ ಪ್ರಾಣ ಬಿಡುತ್ತದೆ. ಆಸ್ವಾಲ್ಡ್ ಬಾಗಿಲ ಬಳಿ ನಿಂತು, "ಅವತ್ತೂ ಹೀಗೇ" ಎಂದ.

"ನೀನು ಸುಮ್ನಿರಪ್ಪ, ನನಗೆ ಕೇಳಿಸ್ಕೊಳ್ಳೋಕೆ ಬಿಡು" ಎಂದು ಗದರಿಸಿದೆ.

ಗಾಳಿ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಬದಲಾಯಿಸಿದೆ. ಏರಿಳಿತ ನಿಂತಿತು, ಸಾಯುವುದು ನಿಲ್ಲಲಿಲ್ಲ. ಗಾಳಿಯ ವಾಲ್ವ್ ಅಂಟಿಕೊಂಡಿತ್ತು, ತೊಳೆದೆ. ಇಷ್ಟೆಲ್ಲ ಹನ್ನೊಂದು ವರ್ಷ ಸುಮ್ಮನೆ ನಿಂತದ್ದರ ಕಾಯಿಲೆ, ಅವತ್ತಿನದಲ್ಲ. ಮರುದಿನ ನಾಲ್ಕು ಇಂಜೆಕ್ಟರುಗಳನ್ನೂ ಕಳಚಿದೆ. ಪೆಟ್ರೋಲ್ ಹಾಯಿಸಿದಾಗ ಮೂರು ಪರವಾಗಿಲ್ಲ. ನಾಲ್ಕನೆಯದು ಎರಡು ಹನಿ ಉಗುಳಿ ಸುಮ್ಮನಾಯಿತು. ಅದರ ಬಾಯಿಯ ಪುಟ್ಟ ಜಾಲರಿಯನ್ನು ಸೂಜಿಯಲ್ಲಿ ಎಳೆದರೆ ಕಂದು ಅಂಟಿನೊಳಗೆ ಬಿಳಿ ಹರಳುಗಳು. ಮೂಸಿದೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯ ವಾಸನೆ. ಟ್ಯಾಂಕಿನ ತಳ ಕೆರೆದು ನೋಡಿದರೆ ಅಲ್ಲೂ ಅದೇ.

"ನುಸಿಗುಳಿಗೆ! ಪೆಟ್ರೋಲ್ ಟ್ಯಾಂಕಿಗೆ ನುಸಿಗುಳಿಗೆ! ಯಾವ ಹೆಡ್ಡ ಕಣೋ ಹಾಕಿದ್ದು?" ಎಂದು ಕೂಗಿದೆ. ನನಗಾದ ಖುಷಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಸ್ವಾಲ್ಡ್ ಕಣ್ಣು ಮಿಟುಕಿಸಿದ. "ನಾನೇ ಹಾಕಿದ್ದು. ಟ್ಯಾಂಕಿಗೆ ನಾಲ್ಕು. ನೀನೇ ಹೇಳಿದ್ದಲ್ವಾ?"

"ನಾನಾ?"

"ಟ್ಯೂನ್ ಮಾಡಿ ಕೀ ಕೊಡುವಾಗ ಹೇಳಿದ್ದು. ಬೆಂಗಳೂರಲ್ಲಿ ನಿನ್ನ ಸ್ಕೂಟರಿಗೆ ಹಾಕ್ತಿದ್ದಿ ಅಂತೆ, ಪೆಟ್ರೋಲಿಗೆ ಜೋರು ಬರ್ತದೆ, ಗಾಡಿ ಹಾರ್ತದೆ ಅಂತ. ನೀನು ಮೆಕ್ಯಾನಿಕ್, ನೀನು ಹೇಳಿದ್ಮೇಲೆ ಮತ್ತೆಂತ ಅಂತ ನಾನು ಹಾಕಿದೆ."

ಹೇಳಿದ ನೆನಪು ನನಗಿಲ್ಲ. ಆದರೆ ಹೇಳಿರುತ್ತೇನೆ. ಆ ಸ್ಕೂಟರಿನ ಪ್ರತಾಪವನ್ನು ನಾನು ಯಾರ ಮುಂದೆ ಕೊಚ್ಚಿಕೊಂಡಿಲ್ಲ? ಸ್ಕೂಟರಿನ ಕಾರ್ಬ್ಯುರೇಟರ್ ಎಲ್ಲವನ್ನೂ ನುಂಗಿಕೊಳ್ಳುತ್ತಿತ್ತು. ಕೂದಲೆಳೆಯಷ್ಟು ರಂಧ್ರದ ಇಂಜೆಕ್ಟರ್ ನುಂಗೀತೇ? ಬೆಂಗಳೂರಿನ ಬಿಸಿಲಲ್ಲಿ ಕರಗಿದ್ದು ಇಲ್ಲಿಯ ಜನವರಿಯ ಚಳಿಯಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಕಾಲು ಒತ್ತಿದಷ್ಟು ಹೊತ್ತು ಪೆಟ್ರೋಲ್ ಹೇಗೋ ನುಗ್ಗುತ್ತದೆ, ತೆಗೆದರೆ ಇಂಜಿನ್ ಸಾಯುತ್ತದೆ.

ನಾನು ಜಾಲರಿ ತೊಳೆದೆ. ಗುಳಿಗೆಗೂ ಅವತ್ತಿಗೂ ಸಂಬಂಧವಿಲ್ಲ, ಗಾಬರಿಯಲ್ಲಿ ನೀನೇ ಕ್ಲಚ್ ಬಿಟ್ಟಿರಬೇಕು ಎಂದರೆ ನಂಬುತ್ತಿದ್ದ. ಅವನು ನನ್ನ ಮಾತು ಯಾವಾಗ ನಂಬಿಲ್ಲ? ಎಲ್ಲ ಜೋಡಿಸಿ, ಅವನನ್ನೇ ಸ್ಟೀರಿಂಗ್ ಮುಂದೆ ಕೂರಿಸಿ ಸ್ಟಾರ್ಟ್ ಮಾಡಿಸಿದೆ. ಅವನು ಹೆದರುತ್ತ ಕಾಲು ತೆಗೆದ. ಇಂಜಿನ್ ನಿಲ್ಲಲಿಲ್ಲ. ಮತ್ತೆ ಒತ್ತಿದ, ಮತ್ತೆ ತೆಗೆದ. ನಿಲ್ಲಲೇ ಇಲ್ಲ.

"ಹಾಗಾದ್ರೆ ಅವತ್ತು?" ಎಂದ.

"ನಿನ್ನ ಕಾಲಲ್ಲ ಆಸ್ವಾಲ್ಡ್. ಆ ಗುಳಿಗೆ. ನಾನು ಹೇಳಿದ ಗುಳಿಗೆ."

ಅವನು ಕೀ ತಿರುಗಿಸಿ ಇಂಜಿನ್ ಆರಿಸಿದ. ತನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, "ನನ್ನ ಕಾಲಲ್ಲ" ಎಂದು ಎರಡು ಸಲ ಅಂದು ಮಗುವಿನ ಹಾಗೆ ಅತ್ತ. ನಾನು ತಬ್ಬಿಕೊಳ್ಳಲು ಹೋದೆ. ಅವನು ನನ್ನ ಕೈಯನ್ನು ಮೆಲ್ಲಗೆ ಸರಿಸಿದ.

"ಇಷ್ಟು ವರ್ಷ ನಿನ್ನ ಮೇಲೆ ನಂಗೆ ಒಂಚೂರು ಸಿಟ್ಟು ಇರ್ಲಿಲ್ಲ ಉದಯ. ನೀನು ಟ್ಯೂನ್ ಮಾಡಿದ ಕಾರು ನಿಂತದ್ದಕ್ಕೆ ಬೇಜಾರು ಮಾಡ್ಕೊಂಡಿದ್ದಿ ಅಂತ, ಸಂಜೆ ರೋಸರಿ ಪ್ರಾರ್ಥನೆ ಹೇಳುವಾಗ ನಿನ್ನ ಹೆಸರೂ ಸೇರಿಸ್ತಿದ್ದೆ." ಅವನು ಕನ್ನಡಕ ಒರೆಸಿಕೊಂಡ. "ಇನ್ನು ಅದು ನನ್ನಿಂದ ಆಗ್ಲಿಕ್ಕಿಲ್ಲ."

"ಸರಿ" ಎಂದೆ. ಟೂಲ್‌ಬಾಕ್ಸ್ ಎತ್ತಿಕೊಂಡೆ.