ಬು ಹಮದರ ಮನೆಯ ಊಟ

ಬು ಹಮದ್ ಊಟಕ್ಕೆ ಕರೆದರೆಂದರೆ ಕೋಚ್ ಆದವನು ಪೆಟ್ಟಿಗೆ ಕಟ್ಟಿಕೊಳ್ಳಬೇಕು. ಇದು ನಮ್ಮ ಲೀಗಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಬು ಹಮದ್ ನಮ್ಮ ಮುರ್ಜಾನ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು. ಒಳ್ಳೆಯ ಮನುಷ್ಯ. ಎದುರಿಗೆ ಕೂತವನಿಗೆ "ನೀನು ಬೇಡ, ಹೊರಡು" ಎನ್ನಲು ಅವರಿಗೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಈ ಊಟದ ಏರ್ಪಾಡು. ಅನ್ನದ ರಾಶಿಯ ಮೇಲೆ ಇಡೀ ಕುರಿಮರಿ ಬರುತ್ತದೆ. ಬು ಹಮದ್ ತಮ್ಮ ಕೈಯಿಂದಲೇ ಮೆತ್ತಗಿನ ತುಂಡುಗಳನ್ನು ಕಿತ್ತು ಕೋಚ್‌ನ ಮುಂದೆ ಗುಡ್ಡೆ ಹಾಕುತ್ತಾರೆ. ಆಮೇಲೆ ಕಾಫಿಗೆ ಕೂತಾಗ ಅವನ ಮಂಡಿಯ ಮೇಲೆ ಕೈಯಿಟ್ಟು, "ಮಕ್ಕಳ ನೆನಪು ತುಂಬಾ ಆಗ್ತಿರಬೇಕು, ಅಲ್ವಾ?" ಎನ್ನುತ್ತಾರೆ. ಅಷ್ಟೇ, ಕಥೆ ಮುಗಿಯಿತು. ಮರುದಿನ ನಾನು ಅವನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುತ್ತೇನೆ.

ನಾನು ಸೈಫ್. ಮಗನ ಹೆಸರು ಘಾನಿಮ್, ಹಾಗಾಗಿ ಊರಿಗೆಲ್ಲ ಬು ಘಾನಿಮ್, ಅಂದರೆ ಘಾನಿಮನ ಅಪ್ಪ. ತಂಡದ ಮೇಲ್ವಿಚಾರಕ ಎಂದು ನನ್ನನ್ನು ಕರೆಯುತ್ತಾರೆ. ಮೇಲ್ವಿಚಾರಣೆ ಎಂದರೆ ಏನು ಮಹಾ? ಕೋಚ್ ಬಂದಾಗ ಹೂಗುಚ್ಛ ಹಿಡಿದು ನಿಲ್ಲುವುದು, ಹೋಗುವಾಗ ಸೂಟ್‌ಕೇಸ್ ಹಿಡಿದು ನಿಲ್ಲುವುದು. ಎಷ್ಟೊಂದು ಜನರನ್ನು ಕಳಿಸಿದ್ದೇನೆ! ಒಬ್ಬ ಬ್ರೆಜಿಲ್‌ನವನು ದಾರಿಯುದ್ದಕ್ಕೂ ಗೊಳೋ ಎಂದು ಅತ್ತ. ಒಬ್ಬ ಡಚ್ಚನಂತೂ ಕಾರಿನಲ್ಲಿ ಕೂತು ಕುರಿಯ ರುಚಿಯನ್ನೇ ಹೊಗಳುತ್ತಿದ್ದ. ತನ್ನನ್ನು ತೆಗೆದುಹಾಕಿದ್ದಾರೆಂದು ಆ ಬೆಪ್ಪನಿಗೆ ತಿಳಿದದ್ದು ನಾನು ಟಿಕೆಟ್ ಕೈಗಿಟ್ಟಾಗಲೇ.

ಈ ವರ್ಷದವನು ಕೊರ್ನೆಲ್, ರೊಮೇನಿಯಾದವನು. ತಲೆ ಬೆಳ್ಳಗಾಗಿದೆ, ಬಿಸಿಲಿಗೆ ಮುಖ ಟೊಮೇಟೊ ಹಣ್ಣು. ಕೊಲ್ಲಿಯ ಹಲವು ಕ್ಲಬ್ಬುಗಳಲ್ಲಿ ನೀರು ಕುಡಿದವನು. ಹರಕುಮುರುಕು ಅರಬ್ಬಿ ಮಾತಾಡುತ್ತಾನೆ. ತಂಡ ಸೋಲುತ್ತಾ ಬಂತು. ಕೆಳಗಿನ ದರ್ಜೆಗೆ ಜಾರುವ ಭಯ ಹುಟ್ಟಿತು. ಸಂಜೆ ಬು ಹಮದರ ಮಜ್ಲಿಸಿನಲ್ಲಿ, ಅಂದರೆ ಅತಿಥಿಗಳ ಪಡಸಾಲೆಯಲ್ಲಿ, ಕೂರುವ ಹಿರಿಯರು, ಒಂದು ಚೆಂಡನ್ನೂ ನೆಟ್ಟಗೆ ಒದೆಯದವರು, "ಇನ್ನೂ ಎಷ್ಟು ದಿನ ಇವನು?" ಎಂದು ಗೊಣಗತೊಡಗಿದರು. ಸರಿ, ಊಟದ ಕರೆ ಹೊರಟಿತು. ಕರೆ ಮುಟ್ಟಿಸುವವನು ಯಾರು? ನಾನೇ.

"ಕೋಚ್, ಬು ಹಮದ್ ನಾಳೆ ಊಟಕ್ಕೆ ಬರ್ಬೇಕಂತೆ," ಎಂದೆ.

ಕೊರ್ನೆಲ್ ನನ್ನ ಮುಖವನ್ನೇ ನೋಡಿದ. "ನಂಗೆ ಹೊಟ್ಟೆ ಸರಿಯಿಲ್ಲ," ಎಂದ.

"ನಾಡಿದ್ದು?"

"ನಾಡಿದ್ದೂ ಸರಿಯಿರಲ್ಲ."

ಮುಂದಿನ ವಾರ ಮತ್ತೆ ಕರೆದರೆ ಸಹಾಯಕ ಕೋಚ್‌ನನ್ನು ಕಳಿಸಿದ. ಆ ಹುಡುಗ ಗಡದ್ದಾಗಿ ತಿಂದು ಬಂದ. ಬು ಹಮದ್ ಪಾಪ ಅವನ ಮಂಡಿ ಮುಟ್ಟದೆ ಕಳಿಸಿದರು. ಮೂರನೆಯ ಸಲ ಕರೆದಾಗ ಮಧ್ಯಾಹ್ನದ ಸುಡುಬಿಸಿಲಿನಲ್ಲೇ ಅಭ್ಯಾಸ ಇಟ್ಟ. ಆಟಗಾರರು ನನ್ನನ್ನು ಮುತ್ತಿಕೊಂಡರು. "ಬು ಘಾನಿಮ್, ಇವನಿಗೆ ತಲೆ ಕೆಟ್ಟಿದೆಯಾ? ನಾವೇನು ಒಣಮೀನಾ?" ನಾನು ಏನೆಂದು ಹೇಳಲಿ? ಊಟದಿಂದ ತಪ್ಪಿಸಿಕೊಳ್ಳಲು ಒಬ್ಬ ಮನುಷ್ಯ ಇಡೀ ತಂಡವನ್ನು ಹುರಿಯುತ್ತಿದ್ದಾನೆ ಎನ್ನಲೇ? ನಗುವೂ ಬಂತು, ಸಿಟ್ಟೂ ಬಂತು.

ಸಿಟ್ಟಿಗೆ ನನ್ನದೇ ಕಾರಣವೂ ಇತ್ತು. ಮಗ ಘಾನಿಮ್ ತಂಡದ ಎರಡನೆಯ ಗೋಲ್‌ಕೀಪರ್. ಹಿಂದಿನ ಕೋಚುಗಳೆಲ್ಲ ನನ್ನ ಬೆನ್ನು ತಟ್ಟಿ, "ನಿನ್ನ ಮಗ ಹುಲಿ, ಬು ಘಾನಿಮ್!" ಎನ್ನುತ್ತಿದ್ದರು. ಒಬ್ಬನೂ ಆಡಿಸಲಿಲ್ಲ, ಅದು ಬೇರೆ ಮಾತು. ಕೊರ್ನೆಲ್ ಬಂದವನೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದ: "ನಿನ್ನ ಮಗ ತಡವಾಗಿ ಹಾರ್ತಾನೆ. ಚೆಂಡು ಒಳಗೆ ಹೋದ್ಮೇಲೆ ಹಾರೋಕೆ ಗೋಲ್‌ಕೀಪರ್ ಯಾಕೆ?" ಬಹಳ ದಿನ ನಾನು ಅವನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೆ ಒಂದು ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ ನೋಡುತ್ತೇನೆ, ಮೈದಾನದ ಮೂಲೆಯಲ್ಲಿ ಈ ಮುದುಕ ಒಬ್ಬನೇ ನಿಂತು ಘಾನಿಮನಿಗೆ ಚೆಂಡು ಎಸೆಯುತ್ತಿದ್ದಾನೆ. ಹುಡುಗ ಬೀಳುತ್ತಾನೆ, ಏಳುತ್ತಾನೆ; ಇವನು "ಮತ್ತೆ! ಮತ್ತೆ!" ಎಂದು ಕೂಗುತ್ತಾನೆ. ಮರುದಿನವೂ ಅದೇ. ಯಾರೂ ಹೇಳಿದ್ದಲ್ಲ, ಇದಕ್ಕೆ ಸಂಬಳವೂ ಇಲ್ಲ.

"ಇನ್ನೊಂದು ವರ್ಷ ಬೇಕು," ಎಂದಿದ್ದ ನನ್ನನ್ನು ಕಂಡು. "ನಾನಿದ್ರೆ ಸರಿಮಾಡ್ತೀನಿ."

ಇದನ್ನು ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಶಮ್ಮಾ ಕೇಳಬೇಕಲ್ಲ! "ಒಂದು ವರ್ಷವಂತೆ! ಆ ಕೆಂಪುಮೂತಿಯವನು ತೊಲಗಲಿ ಬಿಡ್ರೀ. ಮುಂದೆ ಬರೋವನಾದ್ರೂ ನನ್ನ ಮಗನ್ನ ಆಡಿಸ್ತಾನೆ," ಎಂದಳು.

ಕಡೆಗೆ ಬು ಹಮದ್ ತಾವೇ ಮೈದಾನಕ್ಕೆ ಬಂದರು. ಅಧ್ಯಕ್ಷರು ಅಭ್ಯಾಸದ ಹೊತ್ತಿಗೆ ಬರುವುದುಂಟೇ? ಆಟಗಾರರು ಚೆಂಡು ಬಿಟ್ಟು ನಿಂತರು. ಬು ಹಮದ್ ನೇರವಾಗಿ ಹೋಗಿ ಕೊರ್ನೆಲ್‌ನ ಕೈ ಹಿಡಿದುಕೊಂಡರು. ಹಿಡಿದ ಕೈ ಬಿಡಲಿಲ್ಲ. "ನಮ್ಮನೇಲಿ ಊಟ ಮಾಡದಷ್ಟು ನಾವು ಬೇಡವಾದೆವಾ, ಕೋಚ್?" ಎಂದು ನಗುತ್ತಾ ಗೇಟಿನವರೆಗೂ ನಡೆಸಿಕೊಂಡು ಹೋದರು. ಇಂಥ ಪ್ರೀತಿಯಿಂದ ಬಿಡಿಸಿಕೊಳ್ಳುವುದು ಯಾರಿಂದಲೂ ಆಗದು. ಕೊರ್ನೆಲ್ ತಿರುತಿರುಗಿ ನನ್ನ ಕಡೆ ನೋಡುತ್ತಿದ್ದ. ಬು ಹಮದರ ಕಾರು ಮುಂದೆ ಹೊರಟಿತು. ಅವನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ನಾನು ಹಿಂಬಾಲಿಸಿದೆ.

ದಾರಿಯಲ್ಲಿ ಅವನೇ ಬಾಯಿಬಿಟ್ಟ. "ಬು ಘಾನಿಮ್, ನನ್ನ ವಯಸ್ಸಿನವನನ್ನ ಇನ್ನು ಯಾವ ಕ್ಲಬ್ ಕರೆಯುತ್ತೆ? ಇಲ್ಲಿಂದ ಕಳಿಸಿದ್ರೆ ಅಲ್ಲಿಗೆ ಮುಗೀತು. ಬಾಲ್ಕನಿಯಲ್ಲಿ ಕೂತು ಪಾರಿವಾಳಕ್ಕೆ ಕಾಳು ಹಾಕೋ ಮುದುಕ, ಅಷ್ಟೇ ನಾನು."

"ಗೆದ್ದಿದ್ರೆ ಈ ಪಾಡು ಬರ್ತಿತ್ತಾ?" ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

"ಗೆಲ್ತೀವಿ. ಹುಡುಗ್ರಿಗೆ ಈಗ ಆಟ ಹಿಡೀತಾ ಇದೆ. ಇನ್ನು ಸ್ವಲ್ಪ ದಿನ ಕೊಟ್ರೆ..." ಎಂದು ಶುರುಮಾಡಿದವನು ಮುಗಿಸದೆ ಕಿಟಕಿಯ ಕಡೆ ತಿರುಗಿಕೊಂಡ. ಏಸಿ ಜೋರು ಮಾಡಿದೆ.

ಮಜ್ಲಿಸಿನಲ್ಲಿ ಹಿರಿಯರೆಲ್ಲ ಆಗಲೇ ಗೋಡೆಗೊರಗಿ ಕೂತಿದ್ದರು. ಬು ಹಮದರ ಭಾವ ಖಲ್ಫಾನ್, ಬಾಯಿ ತೆರೆದರೆ ಕುಚೋದ್ಯ ಬಿಟ್ಟು ಬೇರೆ ಬರದ ಆಸಾಮಿ, "ಬನ್ನಿ ಕೋಚ್! ನಿಮಗಾಗಿ ಕಾದು ಕಾದು ಕುರಿಮರಿ ಮುದಿಕುರಿ ಆಯ್ತು," ಎಂದ. ಊಟ ಬಂತು. ಕೊರ್ನೆಲ್ ತಲೆ ತಗ್ಗಿಸಿ ಎರಡು ತುತ್ತು ತಿಂದ. ಬು ಹಮದ್ ಅವನ ಮುಂದೆ ಮಾಂಸ ಹಾಕುತ್ತಲೇ ಹೋದರು. ಇವನು ಅದನ್ನು ಅನ್ನದೊಳಗೆ ಹೂತಿಡುತ್ತಲೇ ಹೋದ. ಕೈ ತೊಳೆದು ಬಂದೆವು. ಖರ್ಜೂರ ಬಂತು. ಕಾಫಿ ಸುರಿಯುವವನು ಉದ್ದ ಮೂತಿಯ ಹಿತ್ತಾಳೆ ಪಾತ್ರೆ ಹಿಡಿದು ಮೊದಲು ಅತಿಥಿಯ ಮುಂದೆ ನಿಂತ.

ಕೊರ್ನೆಲ್ ಫಿಂಜಾನ್ ತೆಗೆದುಕೊಂಡ. ಆ ಪುಟ್ಟ ಬಟ್ಟಲಿನಿಂದ ಕಾಫಿ ತುಳುಕಿ ಬೆರಳ ಮೇಲೆ ಬಿತ್ತು. ಚೆಲ್ಲೀತೆಂದು ಹೆದರಿ ಅವನು ಅದನ್ನು ಒಂದು ಗುಟುಕೂ ಕುಡಿಯದೆ ಮೆಲ್ಲಗೆ ರತ್ನಗಂಬಳಿಯ ಮೇಲೆ ಇಟ್ಟುಬಿಟ್ಟ.

ಮಜ್ಲಿಸಿನಲ್ಲಿದ್ದವರೆಲ್ಲ ಆ ಫಿಂಜಾನನ್ನೇ ನೋಡಿದರು.

ನಮ್ಮಲ್ಲಿ ಅತಿಥಿ ಕಾಫಿಯನ್ನು ಕುಡಿಯದೆ ಮುಂದಿಟ್ಟರೆ ಅವನಿಗೊಂದು ಕೋರಿಕೆಯಿದೆ ಎಂದರ್ಥ. ಯಜಮಾನ "ನಡೆಸಿಕೊಡ್ತೀನಿ" ಎಂದು ಮಾತು ಕೊಡುವವರೆಗೂ ಅವನು ಅದನ್ನು ಮುಟ್ಟುವುದಿಲ್ಲ. ಮುಟ್ಟದೆ ಎದ್ದುಹೋದನೋ, ಆ ಮನೆಯ ಮಾನ ಹೋಯಿತು. ಹೆಣ್ಣು ಕೇಳಲು ಹೋದವರು ಹೀಗೆ ಇಡುತ್ತಾರೆ, ಕೊಲೆಯ ಹಗೆ ಬಿಡಿಸಿ ರಾಜಿ ಮಾಡಿಸಲು ಬಂದವರು ಹೀಗೆ ಇಡುತ್ತಾರೆ. ಕೋಚೊಬ್ಬ ಇಟ್ಟದ್ದನ್ನು ನಾವು ಕಂಡಿರಲಿಲ್ಲ, ಕೇಳಿರಲಿಲ್ಲ.

ಬು ಹಮದರ ಮುಖದ ಬಣ್ಣ ಬದಲಾಯಿತು. ಅವನು ಏನು ಕೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅವರು ನೆಟ್ಟಗೆ ಕೂತು, "ಕಾಫಿ ಕುಡಿಯಿರಿ ಕೋಚ್. ನೀವು ಕೇಳೋದು ನಿಮ್ಮದಾಯ್ತು. ಏನು, ಹೇಳಿ," ಎಂದರು.

ಅಬ್ಬಾ, ಎಂಥ ಅದೃಷ್ಟ! ಬೇಕೆಂದು ಇಟ್ಟದ್ದಲ್ಲ ಎಂದು ನನಗೆ ಗೊತ್ತು, ಮಿಕ್ಕವರಿಗೆ ಗೊತ್ತಿಲ್ಲವಲ್ಲ! ಬಾಯಿಬಿಟ್ಟು ಕೇಳಿದರೆ ಕೆಲಸ ಉಳಿಯಿತು. ನಾನು ಅವನ ತೊಡೆ ಚಿವುಟಿದೆ. "ಕೇಳು ಮಾರಾಯ, ಕೇಳು! ನಿಂಗೆ ಏನು ಬೇಕೋ ಕೇಳು!"

ಕೊರ್ನೆಲ್ ಬೆಚ್ಚಿ ಸುತ್ತಲೂ ನೋಡಿದ. ಎಲ್ಲರೂ ತನ್ನ ಬಾಯಿಯನ್ನೇ ನೋಡುತ್ತಿದ್ದಾರೆ. "ತೊಂದರೆ ಇಲ್ಲಾಂದ್ರೆ," ಎಂದ ತಡವರಿಸುತ್ತಾ, "ಹಾಲು ಹಾಕಿದ ಚಹಾ ಸಿಗುತ್ತಾ?"

ಮೊದಲು ನಕ್ಕವನು ಖಲ್ಫಾನ್. ಆಮೇಲೆ ಇಡೀ ಮಜ್ಲಿಸ್ ಬಿದ್ದು ಬಿದ್ದು ನಕ್ಕಿತು. ಬು ಹಮದ್ ಕಣ್ಣೀರು ಬರುವಷ್ಟು ನಕ್ಕು ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡರು. "ಚಹಾ! ಅಯ್ಯೋ ನನ್ನಪ್ಪ, ಚಹಾ! ತನ್ರೋ, ಪಾತ್ರೆ ತುಂಬ ತನ್ನಿ!" ಕೊರ್ನೆಲ್ ಕೂಡ ಯಾಕೆಂದು ತಿಳಿಯದೆ ನಕ್ಕ. ನಾನೊಬ್ಬ ನಗಲಿಲ್ಲ. ನನ್ನ ಹಣೆ ಚಚ್ಚಿಕೊಳ್ಳುವ ಹಾಗಾಗಿತ್ತು. ಬಾಗಿಲಿಗೆ ಬಂದ ಭಾಗ್ಯವನ್ನು ಈ ಮುದುಕ ಚಹಾದಲ್ಲಿ ಅದ್ದಿ ತಿಂದನಲ್ಲ!

ಏಲಕ್ಕಿ ಚಹಾ ಬಂತು. ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ಊದುತ್ತಾ ಹೀರತೊಡಗಿದ. ನಗು ಇಳಿಯಿತು. ಬು ಹಮದ್ ಗಂಟಲು ಸರಿಮಾಡಿಕೊಂಡು ಅವನ ಮಂಡಿಯ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಕಾಫಿಯವನು ನನ್ನ ಹತ್ತಿರ ಬಂದಿದ್ದ. ಫಿಂಜಾನ್ ನನ್ನ ಕೈಯಲ್ಲಿತ್ತು. ಯೋಚನೆ ಮಾಡಿದೆ ಎಂದರೆ ಸುಳ್ಳಾದೀತು. ಅದನ್ನು ಕುಡಿಯದೆ ಟಕ್ ಎಂದು ನನ್ನ ಮುಂದೆ ಇಟ್ಟೆ.

"ನಿಂಗೂ ಚಹಾನೇ ಬೇಕೇನೋ?" ಎಂದ ಖಲ್ಫಾನ್.

ಈ ಸಲ ಯಾರೂ ನಗಲಿಲ್ಲ. ನನ್ನ ಮುಖ ಹೇಗಿತ್ತೋ ಏನೋ. ಇಷ್ಟು ವರ್ಷ ಆ ಮನೆಯ ಕಾಫಿ ಕುಡಿದಿದ್ದೇನೆ, ಒಮ್ಮೆಯೂ ಏನೂ ಬೇಡಿದವನಲ್ಲ. ಇಂಥ ಬೇಡಿಕೆಯನ್ನು ಒಬ್ಬರ ಮುಂದೆ ಎರಡು ಸಲ ಇಡುವ ಹಾಗಿಲ್ಲ. ನನ್ನ ಆ ಒಂದು ಬೇಡಿಕೆಯನ್ನು ಶಮ್ಮಾ ಮಗನಿಗೆಂದೇ ಎತ್ತಿಟ್ಟಿದ್ದಳು. "ಬು ಹಮದರ ಮುಂದೆ ಒಂದ್ಸಲ ಫಿಂಜಾನ್ ಇಡಿ ಅಂದ್ರೆ, ನಿಮಗೆ ಅದೂ ಆಗಲ್ಲ," ಎಂದು ದಿನಾ ನನ್ನ ಪ್ರಾಣ ಹಿಂಡುತ್ತಿದ್ದಳು.

ಬು ಹಮದರಿಗೂ ಅದು ಗೊತ್ತಿದ್ದಿರಬೇಕು. ಕೋಚ್‌ನ ಮಂಡಿಯಿಂದ ಕೈ ತೆಗೆದು ನನ್ನ ಕಡೆ ಬಾಗಿದರು. "ಘಾನಿಮನ ವಿಷಯ ತಾನೇ?" ಎಂದರು, ಕೋಚ್‌ಗೆ ತಿಳಿಯದ ನಮ್ಮ ಊರಮಾತಿನಲ್ಲಿ, ಮೆಲ್ಲಗೆ. "ಅದಕ್ಕೇನಂತೆ. ಹೊಸಬ ಬಂದ್ಮೇಲೆ ನಾನೇ ಹೇಳ್ತೀನಿ, ಹುಡುಗ ಆಡ್ತಾನೆ. ಕುಡಿ."

ಹೂಂ ಎಂದಿದ್ದರೆ ಆಗಿತ್ತು. ಒಂದು ಗುಟುಕು, ಅಷ್ಟೇ. ಮಗ ಹಸಿರು ಅಂಗಿ ತೊಟ್ಟು ಗೋಲಿನ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿತು. ಅವನ ತಾಯಿ ಮನೆಯಲ್ಲಿ ಟಿವಿ ಮುಂದೆ ಕೂಗಾಡುವುದೂ ಕೇಳಿಸಿತು. ಪಕ್ಕದಲ್ಲಿ ಆ ಮುದುಕ ಸೊರಸೊರ ಚಹಾ ಹೀರುತ್ತಿದ್ದ. ಮಗನ ಬಗ್ಗೆ ನನಗೆ ಸುಳ್ಳು ಹೇಳದ ಕೋಚ್ ಇವನೊಬ್ಬನೇ.

"ಅದಲ್ಲ ಬು ಹಮದ್," ಎಂದೆ. ಕೊರ್ನೆಲ್‌ನ ಕಡೆ ಕಣ್ಣು ಹಾಯಿಸಿದೆ.

ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು. "ಇವನಿಗೋಸ್ಕರಾನಾ?" ಎಂದರು. ಸಿಟ್ಟು ಬಂದಿತ್ತು, ಸಂಶಯವಿಲ್ಲ. ಸಾಲಾಗಿ ಕೂತ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಫಿ ಆರುತ್ತಿತ್ತು. ಬು ಹಮದ್ ದೀರ್ಘವಾಗಿ ಉಸಿರು ಬಿಟ್ಟರು.

"ಆಯ್ತು. ಕುಡಿ, ಬು ಘಾನಿಮ್."

ಕುಡಿದೆ. ಆರಿದ ಕಾಫಿ ಅಷ್ಟು ಹಿತವಾಗಿ ಗಂಟಲಲ್ಲಿ ಇಳಿದದ್ದು ಅದೇ ಮೊದಲು.

ಬು ಹಮದ್ ಮತ್ತೆ ಅತಿಥಿಯ ಮಂಡಿಯ ಮೇಲೆ ಕೈಯಿಟ್ಟು, "ಕೋಚ್, ಮಕ್ಕಳ ನೆನಪು ತುಂಬಾ ಆಗ್ತಿರಬೇಕು," ಎಂದರು. ಕೊರ್ನೆಲ್ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡ. ಬು ಹಮದ್ ನನ್ನ ಕಡೆ ಒಂದು ಸಲ ದುರುಗುಟ್ಟಿ ನೋಡಿ ಮಾತು ಮುಗಿಸಿದರು. "ಚಳಿಗಾಲದ ರಜಕ್ಕೆ ಅವರನ್ನ ಇಲ್ಲಿಗೇ ಕರೆಸ್ಕೊಳ್ಳಿ. ಸಮುದ್ರ ಚೆನ್ನಾಗಿರುತ್ತೆ."

ಹಿಂದಿರುಗುವಾಗ ಕಾರಿನಲ್ಲಿ ಕೊರ್ನೆಲ್‌ಗೆ ರೆಕ್ಕೆ ಮೂಡಿತ್ತು. ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕಿದ, ತನ್ನ ಭಾಷೆಯಲ್ಲಿ ಏನೋ ಗುನುಗಿದ. "ಬು ಹಮದ್ ಆಟ ಬಲ್ಲ ಮನುಷ್ಯ, ತಿಳ್ಕೋ! ಹೋದ ಪಂದ್ಯದ ದ್ವಿತೀಯಾರ್ಧ ಅವರ ಕಣ್ಣಿಗೆ ಬಿದ್ದಿದೆ. ನಾನು ಹೇಳ್ಲಿಲ್ವಾ, ಆಟ ಹಿಡೀತಾ ಇದೆ ಅಂತ?"

"ಹೇಳಿದ್ರಿ ಕೋಚ್."

"ಆದ್ರೆ ನಿಂದು ಮಾತ್ರ ಸರಿಯಿಲ್ಲ," ಎಂದ ಬೆರಳಾಡಿಸುತ್ತಾ. "ದೊಡ್ಡವರ ಮನೇಲಿ ಕೊಟ್ಟ ಕಾಫಿ ಹಾಗೆ ಟಕ್ ಅಂತ ಕುಕ್ಕೋದಾ? ಅವರ ಮುಖ ನೋಡಿದ್ಯಾ? ಎಷ್ಟು ಬೇಜಾರಾದ್ರು!"

"ನೀವೂ ಇಟ್ರಲ್ಲ?"

"ನಾನು ಹೊರಗಿನವನಪ್ಪ, ನಂಗೇನು ಗೊತ್ತು? ನೀನು ಈ ಊರಲ್ಲೇ ಹುಟ್ಟಿದವನು. ನಿಂಗೆ ಗೊತ್ತಾಗ್ಬೇಡ್ವಾ?"

ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಗು ಒಳಗೇ ಕುದಿಯುತ್ತಿತ್ತು. ಹೇಳಿಬಿಡಲೇ ಎನಿಸಿತು. ಹೇಳಿದರೆ ಅವನ ಆ ಗುನುಗು ನಿಂತುಹೋಗುತ್ತದೆ. "ತಪ್ಪಾಯ್ತು ಕೋಚ್," ಎಂದೆ.

"ಸರಿ ಬಿಡು," ಎಂದು ಅವನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ. ಸ್ವಲ್ಪ ಹೊತ್ತಿನ ಮೇಲೆ ನೆನಪಾದವನಂತೆ, "ಹಾಂ, ಶುಕ್ರವಾರದ ಪಂದ್ಯದಲ್ಲೂ ಘಾನಿಮ್ ಬೆಂಚಲ್ಲೇ ಇರ್ತಾನೆ. ಮನೇಲಿ ಮೊದಲೇ ಹೇಳ್ಬಿಡು, ಆಮೇಲೆ ಅವನ ತಾಯಿ ಬೇಜಾರು ಮಾಡ್ಕೋಬಾರ್ದು," ಎಂದ.

ಮಗನನ್ನು ನೆನೆದು ನೋವಾಯಿತು. ಅದರ ಜೊತೆಗೇ ಖುಷಿಯೂ ಆಯಿತು. ಇವನು ಬದಲಾಗುವವನಲ್ಲ, ಸದ್ಯ!

"ಹೇಳ್ತೀನಿ ಕೋಚ್," ಎಂದೆ. ಶಮ್ಮಾಳಿಗೆ ಏನೆಂದು ಹೇಳುವುದು ಎಂದು ತಲೆ ಓಡಲಿಲ್ಲ. ಅವನನ್ನು ಅವನ ಮನೆಯ ಮುಂದೆ ಇಳಿಸಿ ಹೊರಟೆ. ನಮ್ಮ ಮನೆಯ ತಿರುವು ಬಂತು. ನಾನು ತಿರುಗಿಸದೆ ನೇರವಾಗಿ ಮುಂದೆ ಹೋದೆ.