ನಾಂಟ್‌ಗೋಖಿನ ಇಬ್ಬರು ಟೆನರುಗಳು

ಕೂಮ್‌ಹೆಲಿಗ್ ಎಂಬ ಕಣಿವೆಯೂರಿನ ಮಿಶ್ರ ಗಾಯನ ಮೇಳಕ್ಕೆ ಎಂಬತ್ತು ವರ್ಷ ತುಂಬುವುದರಲ್ಲಿತ್ತು. ಹಬ್ಬದ ಕಛೇರಿಯ ದಿನ ಹಂಚುವ ಪುಸ್ತಿಕೆಗೆ ಮೇಳದ ಚರಿತ್ರೆಯನ್ನು ನಾಲ್ಕು ಪುಟದಲ್ಲಿ ಬರೆದುಕೊಡಿ ಎಂದು ನಿರ್ದೇಶಕ ಹೆವಿನ್ ಕೇಳಿದಾಗ ಎಲಿನೆಡ್ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಳು. ನಲವತ್ತಾರು ವರ್ಷ ಕಾರ್ಯದರ್ಶಿಯಾಗಿದ್ದವಳು, ಅವಳಲ್ಲದೆ ಇನ್ಯಾರು ಬರೆಯಬೇಕು?

ಮೊದಲ ಪುಟ ತಾನಾಗಿಯೇ ಓಡಿತು. ಕಲ್ಲುಗಣಿಯ ಗಂಡಸರ ಮೇಳ ಯುದ್ಧ ಮುಗಿಯುವ ಹೊತ್ತಿಗೆ ಎರಡು ಬೆಂಚು ತುಂಬದಷ್ಟಾಗಿತ್ತು. ಅಲ್ಲಿಯವರೆಗೆ ಚಹಾ ಕಾಸಿಕೊಡುತ್ತಿದ್ದ ಹೆಂಗಸರು ಕೆಟಲು ಕೆಳಗಿಟ್ಟು ಪಕ್ಕದಲ್ಲಿ ಬಂದು ನಿಂತರು. 'ಇನ್ನು ಅಭ್ಯಾಸದ ಸೋಮವಾರವೂ ಗಡ್ಡ ಹೆರೆಯಬೇಕು' ಎಂದು ಹಿರಿಯರೊಬ್ಬರು ಆಕ್ಷೇಪಿಸಿದ್ದು ನಡಾವಳಿ ಪುಸ್ತಕದಲ್ಲಿ ಹಾಗೇ ದಾಖಲಾಗಿತ್ತು. ಎರಡನೆಯ ಪುಟದಲ್ಲಿ ಹಾಡುಗಳ ವಿಷಯ. ಡೋ-ರೇ-ಮಿ ಅಕ್ಷರಗಳಲ್ಲಿ ಕಲಿತ ಚಾಪೆಲ್ಲಿನ ಸ್ತುತಿಗೀತೆಗಳು, ಈಸ್ಟರಿಗೆ ಒಂದು ಸಾಲೂ ಬಿಡದೆ ಮೂರು ತಾಸು ಹಾಡುತ್ತಿದ್ದ ಯೇಸುವಿನ ಕಥನ, ಉಣ್ಣೆ ಕತ್ತರಿಸುವವರ ಹಾಡುಗಳು, ಮೇಳವನ್ನೇ ಇನ್ನೇನು ಇಬ್ಭಾಗ ಮಾಡುವುದರಲ್ಲಿದ್ದ ಸಿನಿಮಾ ಹಾಡುಗಳು, ಸದಸ್ಯರು ತೀರಿಕೊಂಡಾಗ ಗುಂಡಿಯ ಪಕ್ಕ ಪುಸ್ತಕವಿಲ್ಲದೆ ಹಾಡುವ ಆ ಒಂದು ಹಾಡು.

ಮೂರನೆಯ ಪುಟದಲ್ಲಿ ಸಾವಿರದ ಒಂಬೈನೂರ ಎಪ್ಪತ್ತೊಂಬತ್ತು ಬಂತು. ಪೆನ್ನು ನಿಂತಿತು.

ಆ ವರ್ಷ ಫ್ಲೂ ಜ್ವರ ಕಣಿವೆಯ ಗಂಡಸರನ್ನೆಲ್ಲ ಹಾಸಿಗೆಗೆ ಹಾಕಿತ್ತು. ಕಣಿವೆಯ ಸ್ಪರ್ಧೆಗೆ ಮೂರು ವಾರವಿದ್ದಾಗ ಕೂಮ್‌ಹೆಲಿಗಿನಲ್ಲಿ ಎತ್ತರದ ದನಿಯ ಗಂಡಸರು, ಅಂದರೆ ಟೆನರುಗಳು, ಉಳಿದದ್ದು ಮೂರೇ ಜನ. ಎಂಟು ಅಭ್ಯಾಸಗಳಿಗೆ ಬಂದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಮಾತ್ರ ವೇದಿಕೆ ಹತ್ತಬಹುದೆಂಬುದು ಸ್ಪರ್ಧೆಯ ಕಟ್ಟುನಿಟ್ಟು. ಆಗಿನ ನಿರ್ದೇಶಕರು ಬೆಟ್ಟದಾಚೆಯ ಊರಿನ ಗಂಡಸರ ಮೇಳದಿಂದ ಐದು ಟೆನರುಗಳನ್ನು ಗುಟ್ಟಾಗಿ ಮಾತಾಡಿಕೊಂಡು ಬಂದರು. ಎಲಿನೆಡ್‌ಗೆ ಹೇಳಿದ್ದು ಇಷ್ಟೇ: "ಪುಸ್ತಕ ಸ್ವಲ್ಪ ನೋಡ್ಕೋಮ್ಮ."

ಆಗಷ್ಟೇ ಕಾರ್ಯದರ್ಶಿಯಾಗಿದ್ದ ಇಪ್ಪತ್ತನಾಲ್ಕರ ಎಲಿನೆಡ್ ನೋಡಿಕೊಂಡಳು. ಕಳೆದುಹೋದ ಸೋಮವಾರಗಳಿಗೆಲ್ಲ ಆ ಐವರ ಹೆಸರು ತುಂಬಿದಳು. ಒಂದೇ ದಿನ ಬರೆದದ್ದೆಂದು ಗೊತ್ತಾಗಬಾರದೆಂದು ಮೂರು ಬಣ್ಣದ ಶಾಯಿ ಬಳಸಿದಳು. ನಂಬಿಕೆ ಬರಲೆಂದು, ಎಂಟಕ್ಕೆ ಕೊರತೆಯಾಗದಂತೆ, ಒಬ್ಬನಿಗೆ ಒಂದು ಗೈರುಹಾಜರಿಯನ್ನೂ ಹಾಕಿದಳು. ಆಗ ತನ್ನ ಜಾಣತನಕ್ಕೆ ತಾನೇ ಬೀಗಿದ್ದಳು. ಈಗ ನೆನೆದರೆ ಎಲ್ಲಕ್ಕಿಂತ ಹೆಚ್ಚು ಮುಖ ಬಿಸಿಯಾಗುವುದು ಆ ಗೈರುಹಾಜರಿಗೇ.

ಕೂಮ್‌ಹೆಲಿಗ್ ಎರಡು ಅಂಕದಿಂದ ಗೆದ್ದಿತು. ಸೋತದ್ದು ಪಕ್ಕದೂರು ನಾಂಟ್‌ಗೋಖ್. ಆ ಮೇಳದ ನಿರ್ದೇಶಕ ಮೈರಿಗ್, ಜ್ವರದಿಂದ ಎದ್ದುಬಂದ ಇಬ್ಬರೇ ಟೆನರುಗಳನ್ನು ನಿಲ್ಲಿಸಿ ಹಾಡಿಸಿದ್ದ. 'ನಾಂಟ್‌ಗೋಖಿನ ಟೆನರುಗಳು ದನಿಯನ್ನು ಮನೆಯಲ್ಲೇ ಮರೆತು ಬಂದ ಹಾಗಿದೆ' ಎಂದು ತೀರ್ಪುಗಾರರು ಹೇಳಿದಾಗ ಸ್ಪರ್ಧೆ ನಡೆದ ಡೇರೆಗೆ ಡೇರೆಯೇ ನಕ್ಕಿತು. ಎಲಿನೆಡ್ ಕೂಡ ನಕ್ಕಿದ್ದಳು. ಮರುವರ್ಷ ನಾಂಟ್‌ಗೋಖ್ ಮೇಳ ಮುಚ್ಚಿತು. ಅಲ್ಲಿಯವರು ಒಬ್ಬೊಬ್ಬರಾಗಿ ಇಲ್ಲಿಗೇ ಬಂದರು. ಮೈರಿಗ್ ಮಾತ್ರ ಬರಲಿಲ್ಲ. ಅವನ ಹೆಂಡತಿ ಟೆಗ್ವೆನ್ ಬಂದಳು, ತಗ್ಗುದನಿಯ ಹೆಂಗಸರ ಆಲ್ಟೊ ಸಾಲಿನಲ್ಲಿ ಎಲಿನೆಡ್ ಪಕ್ಕದಲ್ಲೇ ಕೂತಳು, ನಲವತ್ತು ವರ್ಷದಿಂದ ಅಲ್ಲೇ ಇದ್ದಾಳೆ.

ಎಲಿನೆಡ್ ಒಂದೇ ಸಾಲು ಬರೆದು ಮುಂದೆ ಹೋದಳು: 'ಆ ವರ್ಷ ಮೇಳಕ್ಕೆ ಕಣಿವೆಯ ಗೌರವ ಫಲಕ ದೊರೆಯಿತು.'

ಸೋಮವಾರ ಚಾಪೆಲ್ಲಿನ ಹಿಂಗೋಣೆಯಲ್ಲಿ ಅಭ್ಯಾಸ. ಚಹಾದ ಬಿಡುವಿನಲ್ಲಿ ಟೆಗ್ವೆನ್ ಹಾಳೆಗಳನ್ನು ಕೈಗೆತ್ತಿಕೊಂಡು ಕನ್ನಡಕ ಏರಿಸಿದಳು. ಸುತ್ತ ನಾಲ್ಕಾರು ಜನ ಒಣದ್ರಾಕ್ಷಿಯ ಬ್ರೆಡ್ಡು ಹಿಡಿದುಕೊಂಡೇ ಬಗ್ಗಿದರು.

"ನನ್ನ ಹೆಸರು ಎಷ್ಟು ಸಲ ಬಂದಿದೆ, ಅದು ಹೇಳು ಮೊದ್ಲು," ಎಂದ ಬ್ರೆಡ್ಡಿನ ಇದ್ವಾಲ್. ಎಂಬತ್ತಾರು ವರ್ಷದ ಬಾಸ್, ಅಂದರೆ ಗಂಡಸರಲ್ಲಿ ತಗ್ಗುದನಿಯವನು. ಬೇಕರಿ ಮುಚ್ಚಿ ಇಪ್ಪತ್ತು ವರ್ಷವಾದರೂ ಬ್ರೆಡ್ಡು ಹೆಸರಿಗೆ ಅಂಟಿಕೊಂಡೇ ಇತ್ತು.

"ನೀನು ತಪ್ಪು ಜಾಗದಲ್ಲಿ ಶುರು ಮಾಡಿದ್ದನ್ನೆಲ್ಲ ಬರೆದ್ರೆ ನಾಲ್ಕು ಪುಟ ಸಾಲಲ್ಲ ಮಾರಾಯಾ," ಎಂದಳು ಟೆಗ್ವೆನ್. ಓದುತ್ತಾ ಹೋದವಳು ಮೂರನೆಯ ಪುಟದಲ್ಲಿ ನಿಂತಳು. "ಅಯ್ಯೋ, ಇಷ್ಟೇನಾ? ಒಂದೇ ಸಾಲಾ? ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ತಾನೇ?"

"ಜಾಗ ಇರ್ಲಿಲ್ಲ ಕಣೇ," ಎಂದಳು ಎಲಿನೆಡ್.

"ಸುಳ್ಳಿ. ಅವತ್ತಿನ ನಿಮ್ಮ ಟೆನರುಗಳ ಬಗ್ಗೆ ಬರಿ. ಮೈರಿಗ್ ಸಾಯೋವರೆಗೂ ಅದನ್ನೇ ಹೇಳ್ತಿದ್ದ. 'ಅವರಿಗೂ ಅದೇ ಜ್ವರ, ಅವರಿಗೂ ಅದೇ ಎಂಟು ಸೋಮವಾರ. ಆದ್ರೂ ಹಾಡ್ಸಿದ್ರು ನೋಡು. ನನಗೆ ಕಲಿಸೋಕೇ ಬರಲ್ಲ ಟೆಗ್ವೆನ್' ಅಂತ. ಪಿಯಾನೋ ಮುಚ್ಚಿದವನು ಮತ್ತೆ ತೆಗೀಲೇ ಇಲ್ಲ. ನಾನೇ ಸಮಾಧಾನ ಮಾಡ್ತಿದ್ದೆ, ಚೆನ್ನಾಗಿ ಹಾಡಿದೋರು ಗೆದ್ರು, ಬಿಡು ಅಂತ."

ಎಲಿನೆಡ್ ಬಟ್ಟಲು ಕೆಳಗಿಟ್ಟಳು. ಇದೊಂದು ಅವಳಿಗೆ ಗೊತ್ತಿರಲಿಲ್ಲ. ಮೈರಿಗ್‌ಗೆ ಸೋಲಿನ ಸಿಟ್ಟು, ಅದಕ್ಕೇ ಬರುವುದಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡು ಹಾಯಾಗಿದ್ದಳು. ಈಗ ಸುಮ್ಮನಿದ್ದರೆ ಟೆಗ್ವೆನ್ ತನ್ನ ಕೈಯಾರೆ ಆ ಹೊಗಳಿಕೆಯನ್ನು ಬರೆಸಿ, ಅಚ್ಚು ಹಾಕಿಸಿ, ಮನೆಗೊಯ್ದು ಗಂಡನ ಫೋಟೋದ ಪಕ್ಕ ಇಡುತ್ತಾಳೆ.

"ಅವರು ನಮ್ಮೋರಲ್ಲ," ಎಂದಳು ಎಲಿನೆಡ್.

"ಯಾರು?"

"ಐದು ಟೆನರು. ಬೆಟ್ಟದಾಚೆಯಿಂದ ಕರ್ಕೊಂಡ್ಬಂದಿದ್ದು. ಒಂದು ಅಭ್ಯಾಸಕ್ಕೂ ಬಂದಿರ್ಲಿಲ್ಲ. ಹಾಜರಿ ನಾನೇ ಬರ್ದೆ."

ಇದ್ವಾಲ್ ಬ್ರೆಡ್ಡು ತಿನ್ನುವುದನ್ನು ನಿಲ್ಲಿಸಿದ. ಅಂದು ಆ ಐವರ ಹಿಂದಿನ ಸಾಲಿನಲ್ಲೇ ನಿಂತು ಹಾಡಿದ್ದವನು. "ಈಗ್ಯಾಕಮ್ಮ ಅದು," ಎಂದು ಗೊಣಗಿದ. "ಆ ಕಾಲದಲ್ಲಿ ಎಲ್ಲ ಮೇಳದವರೂ ಮಾಡ್ತಿದ್ರು."

"ಮೈರಿಗ್ ಮಾಡ್ಲಿಲ್ಲ," ಎಂದಳು ಟೆಗ್ವೆನ್.

ಎಲಿನೆಡ್ ಕಣ್ಣೆತ್ತಲಾರದೆ ಟೆಗ್ವೆನ್‌ಳ ಕೋಟಿನ ಗುಂಡಿಗಳನ್ನೇ ನೋಡುತ್ತಿದ್ದಳು. ಕ್ಷಮಿಸು ಎನ್ನಲು ಬಾಯಿ ತೆರೆದಳು; ನಲವತ್ತು ವರ್ಷ ಪಕ್ಕದಲ್ಲೇ ಕೂತು ಪೆಪ್ಪರ್‌ಮೆಂಟು ಹಂಚಿಕೊಂಡು ತಿಂದ ಮೇಲೆ ಆ ಮಾತು ಅವಳಿಗೇ ಅಗ್ಗವೆನಿಸಿತು.

ಮೇಳಕ್ಕೆ ಸೇರಿ ವರ್ಷವೂ ಆಗಿರದ ನೆಸ್ಟ ಎಂಬ ಹುಡುಗಿ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಆ ಫಲಕ ವಾಪಸ್ ಕೊಡಬೇಕಲ್ವಾ?"

"ಯಾರಿಗೆ ಕೊಡ್ತೀಯಮ್ಮ?" ಎಂದ ಇದ್ವಾಲ್. "ಆ ಮೇಳಾನೇ ಇಲ್ವಲ್ಲ."

"ನಾನಿದ್ದೀನಲ್ಲ," ಎಂದಳು ಟೆಗ್ವೆನ್. ದನಿ ಏರಿರಲಿಲ್ಲ. "ನನಗೆ ಆ ಮರದ ತುಂಡು ಬೇಡ. ಎಲಿನೆಡ್, ಪೆನ್ನು ತಗೋ."

"ಮನೇಲಿ ಬರೀತೀನಿ ಟೆಗ್ವೆನ್. ಎಲ್ಲಾ ಬರೀತೀನಿ."

"ಮನೇಲಿ ನೀನು ಏನು ಬರೀತೀಯೋ ಯಾರಿಗ್ಗೊತ್ತು. ಇಲ್ಲೇ ಬರಿ. ಐದು ಜನ ಯಾರು, ಹಾಜರಿ ಬರೆದದ್ದು ಯಾರು, ಹೆಸರು ಹಾಕಿ ಬರಿ. ಆಮೇಲೆ ನಾಂಟ್‌ಗೋಖಿಗೆ ಇಬ್ಬರು ಟೆನರು ಇದ್ರು ಅಂತ ಬರಿ. ಅಂಚೆಯ ಇಥೆಲ್. ಸೇತುವೆ ಹತ್ರದ ಗ್ವಿನ್ವೋರ್. ಇಬ್ರಿಗೂ ಮೈಮೇಲೆ ಜ್ವರ ಇತ್ತು. ಅದನ್ನೂ ಬರಿ."

ಎಲಿನೆಡ್ ಚಹಾದ ಮೇಜಿನ ಮೇಲೆ ಹಾಳೆಯಿಟ್ಟುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ನಿಂತೇ ಬರೆದಳು. ತನ್ನ ಹೆಸರು ಬಂದಾಗ ಅಕ್ಷರಗಳು ಶಾಲೆಯ ಮಗು ಬರೆದಂತೆ ದಪ್ಪದಪ್ಪವಾದವು. ಐವರಲ್ಲಿ ಒಬ್ಬನ ಹೆಸರು ಮರೆತುಹೋಗಿತ್ತು. ಇದ್ವಾಲ್ ನೆಲ ನೋಡುತ್ತಾ ಹೇಳಿಕೊಟ್ಟ. ಹೆವಿನ್ ಪಿಯಾನೋದ ಬಳಿ ಬಂದು ನಿಂತರೂ ಯಾರನ್ನೂ ಕರೆಯಲಿಲ್ಲ.

ಟೆಗ್ವೆನ್ ಹಾಳೆ ತೆಗೆದುಕೊಂಡು ಕೊನೆಯ ಸಾಲಿನವರೆಗೆ ಓದಿದಳು. ಗ್ವಿನ್ವೋರ್ ಮುಂದೆ ಬಿಟ್ಟುಹೋಗಿದ್ದ 'ಸೇತುವೆ ಹತ್ರದ' ಎಂಬುದನ್ನು ತಾನೇ ಸೇರಿಸಿದಳು. ಆಮೇಲೆ ಹಾಳೆಯನ್ನು ಹೆವಿನ್ ಕೈಗೆ ಕೊಟ್ಟು, ತನ್ನ ಚೀಲ ಎತ್ತಿಕೊಂಡು, ಆಲ್ಟೊ ಸಾಲಿನ ಆ ತುದಿಗೆ ಹೋಗಿ ನೆಸ್ಟಳ ಪಕ್ಕದ ಕುರ್ಚಿಯಲ್ಲಿ ಕೂತಳು.